ಮನೆಯಂಗಳಕ್ಕೆ ತಕ್ಕ ಮರ

ಬಾಲ್ಸಂ ಫರ್ ಎಂಬುದು ಕೆನಡಾ ಮೊದಲಾದ ಶೀತಪ್ರದೇಶಗಳ ವೃಕ್ಷವು. 40ರಿಂದ 60 ಅಡಿ ಬೆಳೆಯುವ ಈ ನಿತ್ಯಹಸುರಿನ ಮರವನ್ನು ಅಲ್ಲಿಯ ಜನರು ಮನೆಯ ಸುತ್ತಲೂ ಶೋಭೆಗಾಗಿ ನೆಡುವರು. ಅದಕ್ಕೆ ದೀರ್ಘವಾದ ಹಿಮಕಾಲವೂ ತಂಪಾದ ಬೇಸಿಗೆಯೂ ಆಮ್ಲಗುಣದ ತೇವಭೂಮಿಯೂ ಬೇಕು. ಹುಬ್ಬಳ್ಳಿ, ನವಲಗುಂದ, ಕುಂದಗೋಳಗಳ ಬಿಸಿಲಿನಲ್ಲಿ, ಸುಣ್ಣದಂಶವುಳ್ಳ ಎರೆಭೂಮಿಯಲ್ಲಿ ಅದು ಬಾಳಲಾರದು. ಅದರ ಸಸಿಗೆ ಹಣ ವ್ಯಯಿಸುವುದು ವ್ಯರ್ಥವೇ ಸರಿ.

ಇಲ್ಲಿಗೆ ಬೇವು, ಹೊಂಗೆಗಳೇ ತಕ್ಕವು. ಇವುಗಳಿಂದ ನೆರಳೂ ದೊರೆಯುವುದು. ಬೀಜದ ಹಿಂಡಿಯು ಹೊಲಕ್ಕೆ ಗೊಬ್ಬರವೂ ಆಗುವುದು. ನೋಟಕ್ಕೆ ಫರ್ ಮರವನ್ನು ತುಸು ಹೋಲುವ ಗಾಳಿಮರವನ್ನು ನೀರು ಬಸಿಯುವ ಮಸಾರಿ ಭೂಮಿಯಲ್ಲಿ ಬೆಳೆಸಬಹುದು.

ಎರೆಭೂಮಿಯುಳ್ಳವರು ಒಂದು ಎಚ್ಚರಿಕೆಯನ್ನು ಮರೆಯಲಾಗದು. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದು. ಸಮೀಪದ ಮರವು ಬುನಾದಿಯ ತೇವವನ್ನು ಹೀರಿದರೆ ನೆಲ ಕುಗ್ಗಿ ಗೋಡೆಯೇ ಸೀಳುವುದು. ಆದಕಾರಣ ಬೆಳೆದ ಮರದ ಎತ್ತರವೆಷ್ಟೋ ಅಷ್ಟು ದೂರದಲ್ಲಿ ಸಸಿಯನ್ನು ನೆಡತಕ್ಕದ್ದು.

ಬೇಸಿಗೆಯಲ್ಲಿಯೇ 2 ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ತೋಡಿ, ಮೇಲ್ಮಣ್ಣಿಗೆ ತಿಪ್ಪೆಗೊಬ್ಬರ ಬೆರಸಿ ತುಂಬಬೇಕು. ಮೃಗಶಿರ, ಆರಿದ್ರಾ ಮಳೆಗಳಲ್ಲಿ ಸಸಿ ನೆಟ್ಟು, ಆಡುಗಳು ಮೇಯದಂತೆ ಜಾಲಿಮುಳ್ಳಿನ ಬೇಲಿ ಕಟ್ಟಬೇಕು. ಮೊದಲೆರಡು ಬೇಸಿಗೆಗಳಲ್ಲಿ ನೀರುಣಿಸಬೇಕು. ಗ್ರಾಮದ ಗೌಡರು ತಮ್ಮ ಅಂಗಳದಲ್ಲಿ ಮೊದಲು ನೆಟ್ಟು ತೋರಿಸಿದರೆ ಉಳಿದವರೂ ಅನುಸರಿಸುವರು.