ಬಂದರಿನ ಕಡೆ ಬೀಸದ ಗಾಳಿ

ಕಳೆದ ತಿಂಗಳು ಒಂದು ಸಂಜೆ ಊರಿನಿಂದ ಅಕ್ಕನ ಫೋನು ಬಂತು. ಭಾವನ ಬಗ್ಗೆ ಆಸ್ಪತ್ರೆಯಲ್ಲಿ ಏನು ಹೇಳಿದರು ಎಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಅಷ್ಟರಲ್ಲಿ ಏಳನೇ ಕ್ಲಾಸಿನ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದು, “ತಾತಾ, ‘ಇನ್‌ಆಪರ್ಚೂನ್’ ಅಂದ್ರೇನು?” ಎಂದು ತೋಳು ಜಗ್ಗಿದಳು. ಗದರಿಬಿಟ್ಟೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಆ ಪದದ ಅರ್ಥವೇ ‘ಹೊತ್ತಲ್ಲದ ಹೊತ್ತಿನ’ ಎಂದು! ಆದರೆ ಆಗ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಭಾವನಿಗೆ ಗಾಬರಿಯೇನಿಲ್ಲ ಎಂದು ತಿಳಿದಾಗ ರಾತ್ರಿಯಾಗಿತ್ತು. ಊಟಕ್ಕೂ ಏಳದೆ ಕೂತಿದ್ದವಳ ಪಕ್ಕ ಹೋಗಿ ಕುಳಿತೆ.

“ಆ ಪದದೊಳಗೆ ಒಂದು ಬಂದರು ಇದೆ, ಗೊತ್ತಾ?” ಎಂದೆ. ತಿರುಗಿ ನೋಡಿದಳು.

ಲ್ಯಾಟಿನ್ ಭಾಷೆಯಲ್ಲಿ ‘ಒಬ್’ ಎಂದರೆ ಕಡೆಗೆ, ‘ಪೋರ್ಟುಸ್’ ಎಂದರೆ ಬಂದರು. ಬಂದರಿನ ಕಡೆಗೆ ಬೀಸುವ ಗಾಳಿ ‘ಒಪೋರ್ಟೂನುಸ್’. ಹಾಯಿಹಡಗಿಗೆ ಎಂಜಿನ್ ಎಲ್ಲಿಂದ ಬರಬೇಕು? ವಾರಗಟ್ಟಲೆ ನೀರಿನ ಮೇಲಿದ್ದು, ಊರಿನ ಗುಡ್ಡ ಕಣ್ಣಿಗೆ ಬಿದ್ದರೂ, ಗಾಳಿ ಎದುರಾದರೆ ಕಾಯಲೇಬೇಕು. ರೋಮನ್ನರಿಗೆ ಬಂದರು ಕಾಯಲು ಪೋರ್ಟೂನಸ್ ಎಂಬ ದೇವರೇ ಇದ್ದ. ಆಗಸ್ಟ್ 17ರಂದು ಅವನ ಹಬ್ಬ. ರೋಮ್ ನಗರದಲ್ಲಿ ಟೈಬರ್ ನದಿಯ ಬಳಿ ಅವನ ಗುಡಿ ಈಗಲೂ ನಿಂತಿದೆ. ಮಕ್ಕಳು ದಿನಾ ಕೇಳುವ ‘ಆಪರ್ಚುನಿಟಿ’ಯೂ ಇದೇ ಮನೆತನದ್ದು. ಮುಂದೆ ‘ಇನ್’ ಸೇರಿದರೆ ‘ಅಲ್ಲ’ ಎಂದಾಯಿತು, ನಮ್ಮ ‘ಅಕಾಲ’ದ ‘ಅ’ ಇದ್ದ ಹಾಗೆ.

“ಹಾಗಾದ್ರೆ ಅದು ಕೆಟ್ಟ ಗಾಳಿನಾ?”

ಇದು ಒಳ್ಳೆಯ ಪ್ರಶ್ನೆ. ಈಜಿಪ್ಟಿನಿಂದ ರೋಮನ್ ಕಾಲದ ವ್ಯಾಪಾರಿಗಳು ಜುಲೈ ಹೊತ್ತಿಗೆ ಹೊರಟು, ನೈಋತ್ಯ ಮಾರುತ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದರು. ಕರಿಮೆಣಸು ತುಂಬಿಕೊಂಡು ವಾಪಸು ಹೋಗಲು ಅದೇ ಗಾಳಿ ಉಪಯೋಗಕ್ಕಿಲ್ಲ! ಚಳಿಗಾಲದ ಈಶಾನ್ಯ ಗಾಳಿ ಬರುವವರೆಗೆ ಇಲ್ಲೇ ಕಾಯಬೇಕು. ತಂದ ಗಾಳಿಯೇ ತಡೆಯುವ ಗಾಳಿ. ಅದರಲ್ಲಿ ಕೆಟ್ಟದ್ದೇನಿದೆ?

ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ನನ್ನ ಪ್ರಶ್ನೆ ಕೆಟ್ಟದ್ದಲ್ಲ” ಎಂದಳು.

“ಅಲ್ಲಮ್ಮ. ಗದರಿದ್ದು ನನ್ನ ತಪ್ಪು.”

ಊಟಕ್ಕೆ ಎದ್ದಳು. ಈಗ ನಾನು ಫೋನು ಹಿಡಿದಿದ್ದರೆ ಸಾಕು, ಬಾಗಿಲಲ್ಲೇ ನಿಂತು, “ತಾತಾ, ಗಾಳಿ ಯಾವ ಕಡೆಗೆ?” ಎಂದು ಕೈಸನ್ನೆ ಮಾಡಿ ಕೇಳುತ್ತಾಳೆ.