ಆಕಾಶದಲ್ಲಿ ಒಂದೇ ದನಿಯ ಹೆಸರುಗಳು

ದೂರವಾಣಿಯಲ್ಲಿ ಯಾರೋ ಮನೆಯ ಸಂಖ್ಯೆಯನ್ನು ‘ಎಂಬತ್ತೊಂದು’ ಎಂದು ಹೇಳಿದುದನ್ನು ‘ತೊಂಬತ್ತೊಂದು’ ಎಂದು ಬರೆದುಕೊಂಡು, ನಡುಹಗಲಿನ ಬಿಸಿಲಿನಲ್ಲಿ ಪರರ ಬಾಗಿಲನ್ನು ತಟ್ಟಿ ನಾಚಿ ಹಿಂದಿರುಗಿದ ಅನುಭವ ಕನ್ನಡಿಗರಲ್ಲಿ ಬಹುಮಂದಿಗೆ ಉಂಟು. ಮೊದಲಕ್ಷರವೊಂದು ಮಸುಕಾದರೆ ಉಳಿದ ದನಿ ಎರಡಕ್ಕೂ ಸಮಾನವಷ್ಟೆ. ನೆಲದ ಮೇಲೆ ಈ ಪ್ರಮಾದಕ್ಕೆ ತೆರಬೇಕಾದ ದಂಡ ಒಂದು ಕ್ಷಮಾಯಾಚನೆ ಮಾತ್ರ. ಆದರೆ ಒಬ್ಬನಿಗೆ ಇತ್ತ ಅಪ್ಪಣೆಯನ್ನು ಮತ್ತೊಬ್ಬನು ಶಿರಸಾವಹಿಸಿ ನೂರಾರು ಜನರೊಡನೆ ಕೆಳಗಿಳಿಯತೊಡಗುವ ಆಕಾಶಮಾರ್ಗದಲ್ಲಿ ಅದರ ಬೆಲೆಯೇ ಬೇರೆ.

ವಿಮಾನಗಳ ಸಂಭಾಷಣೆಗೆ ಮೀಸಲಾದ ರೇಡಿಯೋ ಕಂಪನಾಂಕಗಳು ಸುಮಾರು 118ರಿಂದ 137 ಮೆಗಾಹರ್ಟ್ಸ್‌ವರೆಗೆ ಇರುವುವು. ನೆಲದಿಂದ ಅಪ್ಪಣೆ ಕೊಡುವ ನಿಯಂತ್ರಕನೊಬ್ಬನ ಅಧೀನದಲ್ಲಿರುವ ವಿಮಾನಗಳೆಲ್ಲ ಸಾಮಾನ್ಯವಾಗಿ ಒಂದೇ ಕಂಪನಾಂಕವನ್ನು ಆಶ್ರಯಿಸುವುದರಿಂದ, ಅದು ಎಲ್ಲರೂ ಎಲ್ಲವನ್ನೂ ಕೇಳುವ, ಆದರೆ ಒಮ್ಮೆಗೆ ಒಬ್ಬನೇ ಮಾತನಾಡಬಹುದಾದ ಒಂದು ಸಭಾಮಂಟಪದಂತೆ. ಯಾವ ಮಾತು ಯಾರಿಗೆ ಎಂಬುದನ್ನು ತಿಳಿಸುವುದು ಕರೆಯುವ ಹೆಸರೊಂದೇ. ಈ ಹೆಸರಿನ ಪೂರ್ವಾರ್ಧ ಸಂಸ್ಥೆಯದು. ಬ್ರಿಟಿಷ್ ಏರ್‌ವೇಸ್ ‘ಸ್ಪೀಡ್‌ಬರ್ಡ್’ ಎನಿಸಿಕೊಳ್ಳುವುದು, 1932ರಲ್ಲಿ ಇಂಪೀರಿಯಲ್ ಏರ್‌ವೇಸ್‌ಗಾಗಿ ರಚಿತವಾದ ಹಕ್ಕಿಯ ಲಾಂಛನದಿಂದ. ಐರ್ಲೆಂಡಿನ ಏರ್ ಲಿಂಗಸ್ ‘ಶ್ಯಾಮ್‌ರಾಕ್’, ತೈವಾನಿನ ಚೈನಾ ಏರ್‌ಲೈನ್ಸ್ ‘ಡೈನಾಸ್ಟಿ’, ನಮ್ಮ ಇಂಡಿಗೋ ‘ಐಫ್ಲೈ’. ಈ ಹೆಸರುಗಳಲ್ಲಿ ಒಂದಿಷ್ಟು ಕಾವ್ಯಾಂಶ ಉಳಿದಿರುವುದು ನನಗೆ ಸಂತೋಷದ ಸಂಗತಿ. ಉತ್ತರಾರ್ಧದ ಸಂಖ್ಯೆಗಳಲ್ಲಿ ಮಾತ್ರ ಅದು ಲವಲೇಶವೂ ಇಲ್ಲ, ತೊಡಕು ಹುಟ್ಟುವುದೂ ಅಲ್ಲಿಯೇ. ವೇಳಾಪಟ್ಟಿಯನ್ನು ರಚಿಸುವವರು ಒಂದು ಊರಿನಿಂದ ಬೆಳಗ್ಗೆ ಹೊರಡುವ ವಿಮಾನಗಳಿಗೆ ಅನುಕ್ರಮವಾದ ಸಂಖ್ಯೆಗಳನ್ನು ಕೊಡುವುದು ಸ್ವಾಭಾವಿಕ. ಆ ವಿಮಾನಗಳೇ ಒಂದೇ ಹೊತ್ತಿಗೆ ಒಂದೇ ನಿಯಂತ್ರಕನ ಕಿವಿಗೆ ಬೀಳುವುದೂ ಅಷ್ಟೇ ಸ್ವಾಭಾವಿಕ. ದೇಶದೊಳಗಿನ ಹಾರಾಟಗಳಲ್ಲಿ ಅರ್ಧಕ್ಕೂ ಮಿಗಿಲಾದವನ್ನು ಒಂದೇ ಸಂಸ್ಥೆ ನಡೆಸುತ್ತಿರುವ ನಮ್ಮಲ್ಲಿ ಹೆಸರಿನ ಪೂರ್ವಾರ್ಧವೂ ಬಹುಪಾಲು ಒಂದೇ ಆಗಿ, ಗುರುತಿನ ಭಾರವೆಲ್ಲ ಅಂಕಿಗಳ ಮೇಲೆ ಬೀಳುವುದು. 458 ಮತ್ತು 548 ಕಣ್ಣಿಗೆ ಬೇರೆಯಾಗಿ ಕಂಡರೂ ಕಿವಿಗೆ ಅವು ಅದೇ ಮೂರು ದನಿಗಳ ಸ್ಥಾನಪಲ್ಲಟ.

ರೇಡಿಯೋ ಮನುಷ್ಯಕಂಠವನ್ನು ಸಮಗ್ರವಾಗಿ ಒಯ್ಯುವುದಿಲ್ಲ; ಸುಮಾರು 3000 ಹರ್ಟ್ಸ್‌ನಿಂದ ಮೇಲಿನ ನಾದಾಂಶ ಬಹುಮಟ್ಟಿಗೆ ಉದುರಿಹೋಗಿ, ‘ಸ’, ‘ಫ’ ಮುಂತಾದ ಊಷ್ಮಧ್ವನಿಗಳು ಕ್ಷೀಣಿಸುವುವು. ಇಂಗ್ಲಿಷಿನ ‘ಫೈವ್’ ‘ನೈನ್’ಗಳು ಒಂದರಂತೆ ಒಂದು ಕೇಳಿಸಬಾರದೆಂದು ವೈಮಾನಿಕರು ‘ಫೈಫ್’, ‘ನೈನರ್’ ಎನ್ನುವುದು ಇದರಿಂದಲೇ. ಆದರೆ ಕಿವಿಗಿಂತ ಮೋಸಗಾರನು ಮನಸ್ಸು. ಇಳಿಯುವ ಅನುಮತಿಗಾಗಿ ಐದು ನಿಮಿಷದಿಂದ ಕಾಯುತ್ತಿರುವ ವೈಮಾನಿಕನಿಗೆ, ತನ್ನ ಹೆಸರನ್ನು ಹೋಲುವ ಹೆಸರಿನೊಡನೆ ಆ ಅನುಮತಿ ಕೇಳಿಬಂದರೆ, ಅದು ತನಗೇ ಎಂಬ ನಿಶ್ಚಯ ಕ್ಷಣಾರ್ಧದಲ್ಲಿ ಮೂಡುವುದು. ಅಪ್ಪಣೆಯನ್ನು ಮರಳಿ ಒಪ್ಪಿಸಬೇಕೆಂಬ ನಿಯಮವಿದೆ, ನಿಜ. ಆದರೆ ತಪ್ಪಿದವನು ಅದನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ, ನಿಯಂತ್ರಕನೂ ತಾನಾಡಿದ ಮಾತನ್ನೇ ಕೇಳಿ ತೃಪ್ತನಾಗುತ್ತಾನೆ. ಅಪ್ಪಣೆ ನಿಜವಾಗಿ ಯಾರಿಗೆ ಸಂದಿತ್ತೋ ಆ ವೈಮಾನಿಕನೂ ಅದೇ ಗಳಿಗೆಯಲ್ಲಿ ಉತ್ತರಿಸಿದರೆ ಎರಡು ಅಲೆಗಳು ಹೆಣೆದುಕೊಂಡು ಕೀರಲು ಸದ್ದೊಂದು ಏಳುವುದು. ವಿಮಾನಲೋಕ ಇಂದಿಗೂ ಹಳೆಯ ಎ.ಎಂ. ಪದ್ಧತಿಯನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ: ಎಫ್.ಎಂ.ನಲ್ಲಾದರೆ ಬಲವಾದ ದನಿ ಕ್ಷೀಣವಾದುದನ್ನು ಸದ್ದಿಲ್ಲದೆ ನುಂಗಿಬಿಡುವುದು; ಇಲ್ಲಿ ಆ ಕೀರಲಾದರೂ ‘ಇಬ್ಬರು ಮಾತನಾಡಿದರು’ ಎಂದು ಸಾಕ್ಷಿ ನುಡಿಯುವುದು.

ಹೆಸರು ಎಡವಿದಾಗ ಏನಾಗಬಲ್ಲುದೆಂಬುದಕ್ಕೆ 1997ರ ಸೆಪ್ಟೆಂಬರ್ 26ರಂದು ಇಂಡೋನೇಷ್ಯದ ಮೆದಾನ್ ನಗರದ ಬಳಿ ನಡೆದ ದುರಂತವನ್ನು ನೆನೆಯಬೇಕು. ಜಕಾರ್ತಾದಿಂದ ಬರುತ್ತಿದ್ದ ಗರುಡ ಸಂಸ್ಥೆಯ ವಿಮಾನದ ಕರೆಹೆಸರು ‘ಇಂಡೋನೇಷ್ಯಾ 152’. ಅದಕ್ಕೆ ಎಡಕ್ಕೆ ತಿರುಗಿ, ಬಲಪಾರ್ಶ್ವದಿಂದ ಇಳಿದಾರಿಯನ್ನು ಸೇರಬೇಕೆಂದು ಹೇಳಹೊರಟ ನಿಯಂತ್ರಕನ ಬಾಯಲ್ಲಿ, ಮತ್ತೊಂದು ಸಂಸ್ಥೆಯ ಹೆಸರು ಸೇರಿ ‘ಮೆರ್ಪಾತಿ 152’ ಎಂದು ಬಂದಿತು. ತನ್ನದಲ್ಲದ ಹೆಸರಿಗೆ ಯಾರು ತಾನೆ ಓಗೊಟ್ಟಾರು? ಉತ್ತರ ಬಾರದಿರಲು ಆತನು ಸರಿಯಾದ ಹೆಸರಿನಿಂದ ಕರೆದು ಅಪ್ಪಣೆಯನ್ನು ಪುನಃ ಹೇಳಿದನಾದರೂ, ಈ ಬಾರಿ ‘ಬಲಪಾರ್ಶ್ವದಿಂದ’ ಎಂಬ ಮಾತು ಬಿಟ್ಟುಹೋಯಿತು. ಅನಂತರ ಎಡವೊ ಬಲವೊ ಎಂಬ ಗೊಂದಲ ಎರಡು ಕಡೆಯೂ ಬೆಳೆಯಿತು. ಕಾಡ್ಗಿಚ್ಚಿನ ಹೊಗೆ ಕಣಿವೆಗಳನ್ನು ಮುಚ್ಚಿತ್ತು. ವಿಮಾನ ನಿಗದಿಯಾದ ಎತ್ತರಕ್ಕಿಂತ ಕೆಳಗಿಳಿದು ಬೆಟ್ಟದ ಇಳಿಜಾರಿಗೆ ಬಡಿಯಿತು. ಅದರಲ್ಲಿದ್ದ 234 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹೆಸರಿನ ತಪ್ಪೊಂದೇ ಕಾರಣವೆನ್ನುವುದು ಅನ್ಯಾಯವಾದೀತು; ಎಳೆ ಬಿಚ್ಚತೊಡಗಿದ ಸ್ಥಳಗಳಲ್ಲಿ ಅದೂ ಒಂದು ಎನ್ನಬಹುದು.

ಪರಿಹಾರವನ್ನು ಜಾಗರೂಕತೆಯೊಂದರಲ್ಲೇ ಹುಡುಕುವುದು ವ್ಯರ್ಥ. ಹೋಲುವ ಹೆಸರುಗಳನ್ನೇ ಒಂದೆಡೆ ಸೇರಗೊಡದಿರುವುದು ಮೇಲು. ಯೂರೋಪಿನ ವಿಮಾನಸಂಚಾರ ಸಂಸ್ಥೆಯಾದ ಯೂರೋಕಂಟ್ರೋಲ್ ಈ ಉದ್ದೇಶಕ್ಕಾಗಿ ಒಂದು ಗಣಕ ಸಾಧನವನ್ನು ನಿರ್ಮಿಸಿದೆ. ಋತುವಿನ ವೇಳಾಪಟ್ಟಿ ಜಾರಿಗೆ ಬರುವ ಮೊದಲೇ ಅದು ಒಂದೇ ಆಕಾಶದಲ್ಲಿ ಸಂಧಿಸಲಿರುವ ಸದೃಶ ಹೆಸರುಗಳನ್ನು ಹುಡುಕಿಕೊಡುವುದು. ಅಂಕಿಗಳ ಬದಲು ಅಂಕಿ-ಅಕ್ಷರಗಳನ್ನು ಬೆರೆಸಿ ‘ಸೆವೆನ್ ಲಿಮಾ ಮೈಕ್’ (7LM) ಎಂಬಂತೆ ಕರೆಯುವ ರೂಢಿಯೂ ಅಲ್ಲಿ ಬೇರೂರಿದೆ. ಹೀಗಾಗಿ ನಿಲ್ದಾಣದ ಫಲಕದಲ್ಲಿಯೂ ಟಿಕೆಟಿನಲ್ಲಿಯೂ ಒಂದು ಸಂಖ್ಯೆಯನ್ನು ನೋಡಿ ವಿಮಾನವನ್ನೇರಿದ ಪ್ರಯಾಣಿಕನು, ಜಾತಕದಲ್ಲಿ ಒಂದು ಹೆಸರು, ಮನೆಯವರ ಬಾಯಲ್ಲಿ ಇನ್ನೊಂದು ಹೆಸರು ಇರುವ ನಮ್ಮ ಮಕ್ಕಳಂತೆ, ಆಕಾಶದಲ್ಲಿ ತಾನು ಬೇರಾವುದೋ ಹೆಸರಿನಿಂದ ಕರೆಯಲ್ಪಡುತ್ತಿರುವುದನ್ನು ಅರಿಯದೆ ಕಿಟಕಿಯ ಬಳಿ ನಿದ್ರಿಸುತ್ತಿರುವನು.