ನಿಂತ ಕ್ಯಾಮೆರಾ, ತಿರುಗುವ ಬೆಳಕು: ಶಾಸನದ ವಿಡಿಯೋ ತೆಗೆಯುವ ಬಗೆ

ಶಹಾಪುರ ಸೀಮೆಯ ಒಂದು ಹಳ್ಳಿಯಲ್ಲಿ ಗುಡಿ ಮುಂದಿನ ಶಾಸನವನ್ನು ಎರಡು ವರ್ಷದ ಹಿಂದೆ ವಿಡಿಯೋ ಮಾಡಿಕೊಂಡು ಬಂದಿದ್ದೆ. ಮನೆಯಲ್ಲಿ ಕೂತು ಓದಿ, ಶಕವರ್ಷದ ಕೊನೆಯ ಅಂಕಿ ೨ ಅಂತ ಬರೆದುಕೊಂಡೆ. ಆಮೇಲೆ ಅದು ೩ ಇರಬಹುದೇನೋ ಅನ್ನಿಸಿತು. ಮತ್ತೆ ಹೋದರೆ ಕಲ್ಲಿಗೆ ದಪ್ಪಗೆ ಆಯಿಲ್ ಪೇಂಟ್! "ಜಾತ್ರಿಗಂತ ಹೊಡಿಸೀವ್ರಿ ಸರ, ಚಂದ ಕಾಣ್ತದಲ್ರಿ" ಅಂದರು ಪೂಜಾರಿ ಅಜ್ಜಾರು. ಭಕ್ತಿಯಿಂದ ಮಾಡಿದ್ದು, ಬೈಯೋಕೂ ಆಗಲ್ಲ. ಸನ್ನತಿಯ ಚಂದ್ರಲಾಂಬಾ ಗುಡಿಯಲ್ಲಿ 1986ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಚಪ್ಪಡಿಯೂ ದೇವಿಗೆ ಪೀಠವಾಗಿಯೇ ಇತ್ತು. ನಡುವೆ ತೂತು ಕೊರೆದಿದ್ದರಿಂದ ಅಷ್ಟು ಅಕ್ಷರ ಹೋದವು.

ಈಗ ನನ್ನ ಹತ್ತಿರ ಉಳಿದಿರೋದು ಆ ವಿಡಿಯೋ ಒಂದೇ. ಅದೂ ಎಲ್ಲ ಆಟೋದಲ್ಲಿಟ್ಟು, ಕೈಯಲ್ಲಿ ಹಿಡಿದು ತೆಗೆದದ್ದು.

ಫೋಟೋ ಸಾಕಲ್ವಾ, ವಿಡಿಯೋ ಯಾಕೆ ಅಂತ ಕೇಳುವವರಿದ್ದಾರೆ. ಸೂಕ್ಷ್ಮ ವಿವರದಲ್ಲಿ ಫೋಟೋನೇ ಮೇಲು. ನನ್ನ ಸೋನಿ ಎ6400ರಲ್ಲಿ ಫೋಟೋ 6000 ಪಿಕ್ಸೆಲ್ ಅಗಲ, 4ಕೆ ವಿಡಿಯೋ 3840. ಒಂದು ಮೀಟರ್ ಅಗಲದ ಕಲ್ಲು ಚೌಕಟ್ಟು ತುಂಬಿದರೆ ಒಂದು ಪಿಕ್ಸೆಲ್‌ಗೆ ಫೋಟೋದಲ್ಲಿ 0.17 ಮಿ.ಮೀ., ವಿಡಿಯೋದಲ್ಲಿ 0.26 ಮಿ.ಮೀ. ಹಾಗಾಗಿ ಫೋಟೋ ಬಿಡಬೇಡಿ. ವಿಡಿಯೋದ ಲಾಭ ಬೇರೆ: ಬೆಳಕು ಚಲಿಸುವುದನ್ನು ಅದು ಹಿಡಿಯುತ್ತದೆ.

ಉಳಿಯಿಂದ ಕೊರೆದ ಗೆರೆಗೆ ಎರಡು ಗೋಡೆ ಇರುತ್ತವೆ. ಬೆಳಕು ಎಡದಿಂದ ಬಿದ್ದಾಗ ಎಡಗೋಡೆ ನೆರಳು, ಬಲದಿಂದ ಬಿದ್ದಾಗ ಬಲಗೋಡೆ ನೆರಳು. ಅಂದರೆ ನೆರಳು ಪಕ್ಕ ಬದಲಿಸುತ್ತದೆ. ಬರೀ ಕಲೆಯಾಗಿದ್ದರೆ ನೆರಳೇ ಇಲ್ಲ. ಚಕ್ಕೆ ಎದ್ದ ಅಂಚಾದರೆ ಒಂದು ದಿಕ್ಕಿನ ಬೆಳಕಿಗೆ ಮಾತ್ರ ನೆರಳು. ಬಿರುಕಿಗೂ ಎರಡು ಗೋಡೆ ಇರುವುದರಿಂದ ಅದು ಮೋಸ ಮಾಡಬಹುದು. ಆದರೆ ಅದು ಸಾಮಾನ್ಯವಾಗಿ ಅಕ್ಷರದಲ್ಲಿ ನಿಲ್ಲದೆ ಆಚೆಗೂ ಓಡುತ್ತದೆ.

ಆದ್ದರಿಂದ ಕ್ಯಾಮೆರಾ ಟ್ರೈಪಾಡ್ ಮೇಲೆ, ಕಲ್ಲಿಗೆ ನೇರ ಎದುರಾಗಿ ಅಲುಗಾಡದೆ ನಿಲ್ಲಬೇಕು. ಬ್ಯಾಟರಿ ಎಲ್‌ಇಡಿ ದೀಪವನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದು, ಎಡದಿಂದ ಮೇಲೆ, ಮೇಲಿಂದ ಬಲಕ್ಕೆ ನಿಧಾನವಾಗಿ ಸುತ್ತಿಸಬೇಕು. ಅರ್ಧ ನಿಮಿಷ ಸಾಕು. ಕ್ಯಾಮೆರಾ ಅಲುಗದಿದ್ದರೆ ಎಲ್ಲ ಫ್ರೇಮುಗಳಲ್ಲೂ ಅಕ್ಷರ ಒಂದೇ ಜಾಗದಲ್ಲಿರುತ್ತದೆ, ಆಮೇಲೆ ಹೋಲಿಸಿ ನೋಡಬಹುದು. ಹಗಲಾದರೆ ನೆರಳು ಬೇಕು. ನಾನು ಕುರಿಗಾಹಿಗಳ ಕರಿ ಕಂಬಳಿ ಕೇಳಿ ಪಡೆದು ಮರೆ ಕಟ್ಟಿದ್ದೂ ಉಂಟು. ಸಂರಕ್ಷಿತ ಸ್ಮಾರಕವಾದರೆ ಟ್ರೈಪಾಡಿಗೆ ಅನುಮತಿ ಮೊದಲೇ ವಿಚಾರಿಸಿಕೊಳ್ಳಿ.

ದೀಪ ಎಷ್ಟು ಓರೆ ಅನ್ನೋದು ಕಲ್ಲಿನ ಮೇಲಿದೆ. ಯಾದಗಿರಿ, ಸುರಪುರದ ಗುಡ್ಡಗಳ ಕಲ್ಲು ಒರಟು ಗ್ರಾನೈಟ್. ದೀಪ ತೀರಾ ತಗ್ಗಿಸಿದರೆ ಹರಳು ಹರಳಿಗೂ ನೆರಳು ಬಿದ್ದು ಅಕ್ಷರ ಮುಳುಗುತ್ತದೆ, ಸ್ವಲ್ಪ ಎತ್ತಿ ಹಿಡಿಯಬೇಕು. ಭೀಮಾ ದಂಡೆಯ ನುಣುಪು ಸುಣ್ಣಕಲ್ಲಿಗೆ ಎಷ್ಟು ತಗ್ಗಿಸಿದರೆ ಅಷ್ಟು ಒಳ್ಳೆಯದು.

ಇನ್ನು ಸೆಟ್ಟಿಂಗು. ಎಕ್ಸ್‌ಪೋಶರ್ ಮ್ಯಾನ್ಯುಯಲ್: ಎಫ್/8, ಶಟರ್ 1/50, ಐಎಸ್‌ಒ ಸ್ಥಿರ. ಆಟೋ ಇದ್ದರೆ ದೀಪ ಸರಿದಂತೆಲ್ಲ ಕ್ಯಾಮೆರಾ ನೆರಳನ್ನು ತಾನೇ ಬೆಳಗಿಸಿಬಿಡುತ್ತದೆ. ನಮಗೆ ಬೇಕಿರೋದೇ ಆ ನೆರಳು! ಫೋಕಸನ್ನೂ ಕೈಯಿಂದಲೇ ಕೂರಿಸಿ, ಪೀಕಿಂಗ್ ಹಾಕಿ ನೋಡಿ. ಈ ಕ್ಯಾಮೆರಾದಲ್ಲಿ 4ಕೆಯನ್ನು 25 ಫ್ರೇಮಿನಲ್ಲೇ ಇಡಿ, 30ಕ್ಕೆ ಹಾಕಿದರೆ ಚಿತ್ರದ ಅಂಚು ಕತ್ತರಿಸುತ್ತದೆ. ಕಲ್ಲಿನುದ್ದಕ್ಕೂ ಬೇಗ ಪ್ಯಾನ್ ಮಾಡಿದರೆ ರೋಲಿಂಗ್ ಶಟರ್‌ನಿಂದ ನೆಟ್ಟಗಿರುವ ಅಕ್ಷರವೂ ವಾಲಿ ಕಾಣುತ್ತದೆ.

ನನಗೆ ಪೆಟ್ಟು ಕೊಟ್ಟದ್ದು ಮಾತ್ರ ಶಾರ್ಪ್‌ನೆಸ್. ಕ್ಯಾಮೆರಾ ಚಿತ್ರ ಚುರುಕಾಗಲಿ ಅಂತ ಪ್ರತಿ ಅಂಚಿಗೂ ಕಪ್ಪು-ಬಿಳಿ ಗೆರೆ ಎಳೆಯುತ್ತದೆ. ಕಲೆಯೂ ಕೊರೆದಂತೆ ಕಾಣುತ್ತದೆ. ಕ್ರಿಯೇಟಿವ್ ಸ್ಟೈಲ್‌ನಲ್ಲಿ ಅದನ್ನು -3ಕ್ಕೆ ಇಳಿಸಿ. ಮಂಕಾಗಿ ಕಂಡರೂ ಸುಳ್ಳು ಹೇಳಲ್ಲ.

ನನ್ನ ಹಳೆಯ ವಿಡಿಯೋದಲ್ಲಿ ಆ ಅಂಕಿಯ ಬಾಲ ಉಳಿಯದ್ದೋ ಶಾರ್ಪ್‌ನೆಸ್‌ದೋ ಇವತ್ತಿಗೂ ಹೇಳಲಾರೆ. ಸಂವತ್ಸರದ ಹೆಸರು ಉಳಿದಿದ್ದರೆ ತಾಳೆ ನೋಡಬಹುದಿತ್ತು, ಕಲ್ಲು ಅಲ್ಲೇ ಒಡೆದಿದೆ. ಸದ್ಯಕ್ಕೆ ನನ್ನ ಪಾಠದಲ್ಲಿ ಅದು [೨?] ಅಂತಲೇ ಇದೆ.